ಸೆಕೆಂಡಿಗೆ ಮೂರು ಮರ

ತೆಂಗಿನ ಸೀಮೆಯವರಿಗೆ ವೇಗವನ್ನು ಕಿಲೋಮೀಟರಿನಲ್ಲಿ ಹೇಳುವುದಕ್ಕಿಂತ ಮರದ ಲೆಕ್ಕದಲ್ಲಿ ಹೇಳಿದರೆ ಬೇಗ ತಲೆಗೆ ಹೋಗುತ್ತದೆ. ಮೂವತ್ತಡಿಗೊಂದು ಮರ ಎನ್ನುವುದು ತೋಟ ಕಟ್ಟುವವರ ಹಳೆಯ ಅಳತೆ. ಗಂಟೆಗೆ 100 ಕಿ.ಮೀ. ವೇಗದಲ್ಲಿ ಹೋಗುವ ಬೈಕು ಒಂದು ಸೆಕೆಂಡಿಗೆ 91 ಅಡಿ ಮುಂದೆ ಹೋಗಿರುತ್ತದೆ. ಅಂದರೆ ಸೆಕೆಂಡಿಗೆ ಮೂರು ಮರ. ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಒಂದು ಮರ ಹಿಂದೆ ಬಿತ್ತು.

ಈ ಲೆಕ್ಕ ಈಗ ಯಾಕೆ ಬಂತು? ಕೊಬ್ಬರಿಗೆ ಒಳ್ಳೆಯ ಧಾರಣೆ ಸಿಕ್ಕ ವರ್ಷ ಮನೆಯ ಮುಂದೆ ಹೊಸ ಬೈಕು ಬಂದು ನಿಲ್ಲುವುದು ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಮೂರೂ ತಾಲ್ಲೂಕಿನ ವಾಡಿಕೆ. ಅಪ್ಪಂದಿರ ಕಾಲಕ್ಕೆ ಅದು ರಾಜದೂತ್ ಅಥವಾ ನಮ್ಮ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಯೆಜ್ಡಿ. ಆ ಕಾರ್ಖಾನೆ 1961ರಲ್ಲಿ ಶುರುವಾಗಿ 1996ರಲ್ಲಿ ಬಾಗಿಲು ಹಾಕಿತು. ಮಕ್ಕಳ ಕಾಲಕ್ಕೆ ಬಂದಿರುವುದು ಯೆಜ್ಡಿಯ ಅಪ್ಪನಂಥ ಗಾಡಿಗಳು. ಕಿವಿ ತಿರುಚಿದರೆ ಸಾಕು, ನೂರು ದಾಟುತ್ತವೆ. ಮೊಬೈಲಿನಲ್ಲಿ ಮೋಟೋ ಜಿಪಿ ನೋಡುವುದು, ಆಮೇಲೆ ಬಿ.ಎಚ್. ರಸ್ತೆಗೆ ಇಳಿದು ಕಿಬ್ಬನಹಳ್ಳಿ ಕ್ರಾಸಿನವರೆಗೆ ಒಂದು ಕೈ ನೋಡಿಬಿಡುವುದು. ಗದರಿಸಿದರೆ, ‘ಅಲ್ಲಿ ಅವರು ಮುನ್ನೂರರಲ್ಲಿ ಹೋಗ್ತಾರಲ್ಲ ಸಾರ್, ಅವರಿಗೇನೂ ಆಗಲ್ವಲ್ಲ’ ಎನ್ನುತ್ತಾರೆ.

ಪ್ರಶ್ನೆ ತಪ್ಪಲ್ಲ. ಅವರಿಗೆ ಏನೂ ಆಗದಿರುವುದು (ಎಷ್ಟೋ ಸಲ ಆಗುತ್ತದೆ, ಆ ಮಾತಿಗೆ ಆಮೇಲೆ ಬರೋಣ) ಅವರ ಧೈರ್ಯದಿಂದಲೂ ಅಲ್ಲ, ಅವರ ಗಾಡಿಯಿಂದಲೂ ಅಲ್ಲ. ಬಹುಪಾಲು ಅದು ನೆಲದ ಕೆಲಸ. ಆ ನೆಲವನ್ನು ಹೇಗೆ ಹಾಸಿರುತ್ತಾರೆ ಎಂಬುದನ್ನೇ ಈ ವಾರ ನೋಡೋಣ.

ನಮಗೆ ಹತ್ತಿರದ ದೊಡ್ಡ ಟ್ರ್ಯಾಕುಗಳಲ್ಲಿ ಹಳೆಯದು ತಮಿಳುನಾಡಿನ ಇರುಂಗಾಟ್ಟುಕೋಟೈನಲ್ಲಿದೆ. ಹೆಸರು ಉಚ್ಚರಿಸುವುದು ಕಷ್ಟ, ದಾರಿ ಮಾತ್ರ ಸುಲಭ. ತುಮಕೂರಿನಲ್ಲಿ ಹೆದ್ದಾರಿ ಹತ್ತಿ ಬೆಂಗಳೂರು ದಾಟಿ ಅದೇ ಹೆದ್ದಾರಿಯಲ್ಲಿ ಚೆನ್ನೈ ಕಡೆ ಹೋಗುತ್ತಿದ್ದರೆ, ಶ್ರೀಪೆರಂಬುದೂರು ಕಳೆದ ಮೇಲೆ ರಸ್ತೆ ಪಕ್ಕದಲ್ಲೇ ಸಿಗುತ್ತದೆ. ಚೆನ್ನೈಗೆ ಇನ್ನು ಸುಮಾರು 40 ಕಿ.ಮೀ. ಇರುತ್ತದೆ. ಇದನ್ನು ಕಟ್ಟಿದ್ದು ಸರ್ಕಾರವಲ್ಲ, ಮದ್ರಾಸ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್ ಎಂಬ ಸಂಘ. 1953ರಲ್ಲಿ ಹುಟ್ಟಿದ್ದು.

ಅದಕ್ಕೆ ಮುಂಚೆ ಆ ಕ್ಲಬ್ಬಿನವರು ರೇಸು ನಡೆಸುತ್ತಿದ್ದದ್ದು ಶೋಲಾವರಂನಲ್ಲಿ. ಎರಡನೇ ಮಹಾಯುದ್ಧದ ಕಾಲದ ವಿಮಾನ ನಿಲ್ದಾಣ ಅದು, ಇಂಗ್ಲಿಷಿನ ‘ಟಿ’ ಅಕ್ಷರದ ಹಾಗೆ. ಯುದ್ಧ ಮುಗಿಯಿತು, ವಿಮಾನ ಹೋಯಿತು, ಕಾಂಕ್ರೀಟು ಉಳಿಯಿತು. ಮೂರು ದಶಕಕ್ಕೂ ಹೆಚ್ಚು ಕಾಲ ದಕ್ಷಿಣ ಭಾರತದ ರೇಸು ಎಂದರೆ ಶೋಲಾವರಂ ಎಂದೇ ಅರ್ಥ. ಬೆಂಗಳೂರಿನಿಂದ, ಕೊಯಮತ್ತೂರಿನಿಂದ ಜನ ಗಾಡಿ ಕಟ್ಟಿಕೊಂಡು ಹೋಗುತ್ತಿದ್ದರು. ನಮ್ಮ ಯೆಜ್ಡಿಗಳೂ ಅಲ್ಲಿ ಓಡಿವೆ. ಆದರೆ ವಿಮಾನಕ್ಕೆ ಬೇಕಾದದ್ದು ಉದ್ದನೆಯ ನೇರ ಹಾದಿ, ರೇಸಿಗೆ ಬೇಕಾದದ್ದು ತಿರುವು. ರನ್‌ವೇ ಮೇಲೆ ತಿರುವನ್ನು ಕೃತಕವಾಗಿ ಕಟ್ಟಬೇಕು. ಜನಕ್ಕೂ ಗಾಡಿಗೂ ನಡುವೆ ಅಂತರ ಸಾಲದು. ಹೀಗಾಗಿ ಸ್ವಂತ ನೆಲ ಬೇಕೇಬೇಕು ಎಂದು ಕ್ಲಬ್ಬು ಇರುಂಗಾಟ್ಟುಕೋಟೈನಲ್ಲಿ ಟ್ರ್ಯಾಕು ಕಟ್ಟಿತು. 1990ರಲ್ಲಿ ಅದು ರೇಸಿಗೆ ತೆರೆಯಿತು. ಒಂದು ಸುತ್ತು 3.7 ಕಿ.ಮೀ.; ನಮ್ಮ ಲೆಕ್ಕದಲ್ಲಿ ಹೆಚ್ಚುಕಮ್ಮಿ ನಾನೂರು ಮರದ ಸಾಲು. ಹನ್ನೆರಡು ತಿರುವು. ಚಿಕ್ಕ ರೇಸುಗಳಿಗೆಂದು ಮಧ್ಯದಲ್ಲಿ ಕತ್ತರಿಸಿಕೊಂಡು ಬರುವ ಎರಡು ಕಿ.ಮೀ.ನ ಒಳಸುತ್ತೂ ಉಂಟು. ಈಗ ಅದರ ಹೆಸರು ಮದ್ರಾಸ್ ಇಂಟರ್‌ನ್ಯಾಷನಲ್ ಸರ್ಕ್ಯೂಟ್. ತಿರುವುಗಳಿಗೆ ಅಂದಚೆಂದದ ಹೆಸರಿಲ್ಲ. ಸಿ-1, ಸಿ-2 ಎಂದು ಹನ್ನೆರಡರವರೆಗೆ ಎಣಿಕೆ, ಅಷ್ಟೆ. ಓಡಿಸುವವರು ಮಾತಾಡುವುದೂ ಹಾಗೆಯೇ: ‘ಸಿ-4ರಲ್ಲಿ ಜಾರಿದ’, ‘ಸಿ-9ರಲ್ಲಿ ಹಿಂದೆ ಹಾಕಿದ’.

ಈಗ ತಿರುವಿನ ಶಾಸ್ತ್ರಕ್ಕೆ ಬರೋಣ. ರೇಸಿನ ಗುಟ್ಟೆಲ್ಲ ಇರುವುದು ಇಲ್ಲೇ. ನೇರ ಹಾದಿಯಲ್ಲಿ ಯಾರು ಬೇಕಾದರೂ ಕಿವಿ ತಿರುಚಬಹುದು.

ಹಳೆಯ ಕಾಲದ ರಾಗಿ ಕಣವನ್ನು ನೆನಪು ಮಾಡಿಕೊಳ್ಳಿ. ಮಧ್ಯದಲ್ಲಿ ಮೇಟಿ, ಅದರ ಸುತ್ತ ದಾವಣಿ ಕಟ್ಟಿದ ದನಗಳು. ಮೇಟಿಯ ಪಕ್ಕಕ್ಕೆ ವಯಸ್ಸಾದ ಎತ್ತನ್ನು ಕಟ್ಟುತ್ತಿದ್ದರು, ಹೊರತುದಿಗೆ ಚುರುಕಿನ ಹೋರಿ. ಮೇಟಿಯ ಪಕ್ಕದ ಎತ್ತು ನಿಂತಲ್ಲೇ ತಿರುಗಿದ ಹಾಗೆ, ಹೊರಗಿನದು ಓಡಬೇಕು. ಸುತ್ತು ಒಂದೇ, ಹಾದಿ ಬೇರೆ. ಜಾತ್ರೆಗಳ ಜೋಡೆತ್ತಿನ ಗಾಡಿ ಓಟ ನೇರ ಹಾದಿಯಲ್ಲೇ ನಡೆಯುವುದಕ್ಕೂ ಕಾರಣ ಇದೇ ಇರಬೇಕು. ತಿರುವು ಬಂದರೆ ಹೊರಗಿನ ಎತ್ತಿಗೆ ಅನ್ಯಾಯ. (ಅಂದ ಹಾಗೆ, 2014ರಲ್ಲಿ ನಿಂತ ಆ ಓಟಕ್ಕೆ ಕರ್ನಾಟಕ 2017ರಲ್ಲಿ ಕಾನೂನು ತಿದ್ದಿತು, 2023ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಆ ತಿದ್ದುಪಡಿಯನ್ನು ಎತ್ತಿಹಿಡಿಯಿತು.)

ಎತ್ತಿಗೆ ಉದ್ದ ಹಾದಿ ಶಿಕ್ಷೆ. ಗಾಡಿಗೆ ಅದೇ ವರ. ತಿರುವು ಎಷ್ಟು ದೊಡ್ಡ ಬಳಸಾಗುತ್ತದೋ ಅಷ್ಟು ವೇಗವಾಗಿ ಅದನ್ನು ದಾಟಬಹುದು. ಟೈರು ನೆಲವನ್ನು ಹಿಡಿದುಕೊಳ್ಳುವ ಶಕ್ತಿಗೊಂದು ಮಿತಿ ಇದೆ. ಒಣಗಿದ ಒಳ್ಳೆಯ ಡಾಂಬರಿನ ಮೇಲೆ 50 ಮೀಟರ್ ತ್ರಿಜ್ಯದ ತಿರುವನ್ನು ಸಾಮಾನ್ಯ ಟೈರು ಸುಮಾರು 70 ಕಿ.ಮೀ. ವೇಗದವರೆಗೆ ತಾಳುತ್ತದೆ. ತ್ರಿಜ್ಯ ನೂರಾದರೆ ಸುಮಾರು 100 ಕಿ.ಮೀ. ಅದರ ಮೇಲೆ ಹೋದರೆ ಜಾರುತ್ತದೆ. ಎಂಥ ಶೂರ ಕೂತಿದ್ದರೂ ಜಾರುತ್ತದೆ.

ಹಾಗಾದರೆ ಟ್ರ್ಯಾಕಿನ ತಿರುವನ್ನು ಬದಲಾಯಿಸಲಾಗದ ಸವಾರ ಏನು ಮಾಡುತ್ತಾನೆ? ತನ್ನ ಹಾದಿಯನ್ನೇ ಬದಲಾಯಿಸುತ್ತಾನೆ. ಬಲಕ್ಕೆ ತಿರುಗಬೇಕಾದರೆ ಮೊದಲು ಎಡಗಡೆಯ ತುದಿಗೆ ಹೋಗುತ್ತಾನೆ, ತಿರುವಿನ ನಡುಮಧ್ಯೆ ಬಲಗಡೆಯ ಅಂಚನ್ನು ಮುಟ್ಟುತ್ತಾನೆ, ಹೊರಬೀಳುವಾಗ ಮತ್ತೆ ಎಡತುದಿಗೆ ಬರುತ್ತಾನೆ. ಹೊರಗೆ, ಒಳಗೆ, ಹೊರಗೆ. ಇದಕ್ಕೆ ರೇಸಿಂಗ್ ಲೈನ್ ಎನ್ನುತ್ತಾರೆ. ಒಳ ಅಂಚನ್ನು ಮುಟ್ಟುವ ಬಿಂದು ಏಪೆಕ್ಸ್. ಟಿ.ವಿ.ಯಲ್ಲಿ ಕಾಣುವ ಕೆಂಪು–ಬಿಳಿ ಬಣ್ಣದ ಕಲ್ಲುಕಟ್ಟೆ ಇರುವುದು ಅಲ್ಲಿ. ಒಂದು ಲೆಕ್ಕ ಹಾಕಿ ನೋಡಿದೆ. ಹನ್ನೆರಡು ಮೀಟರ್ ಅಗಲದ ಟ್ರ್ಯಾಕು, ಒಳ ಅಂಚಿನ ತ್ರಿಜ್ಯ 20 ಮೀಟರ್ ಇರುವ ಲಂಬಕೋನದ ತಿರುವು. ನಟ್ಟನಡುವೆ ಹೋದರೆ ದಾಟಬಹುದಾದ ವೇಗ 50 ಕಿ.ಮೀ. ಈ ಗೆರೆ ಹಿಡಿದು ಹೋದರೆ ಅದೇ ತಿರುವು 61 ಮೀಟರ್ ತ್ರಿಜ್ಯದ್ದಾಗಿ, ವೇಗ 80ರ ಹತ್ತಿರ ಬರುತ್ತದೆ. ಅದೇ ಗಾಡಿ, ಅದೇ ಟೈರು, ಅದೇ ಡಾಂಬರು!

ನಮ್ಮ ಹುಡುಗರು ಟಿ.ವಿ. ನೋಡಿ ಕಲಿಯುವುದು ಈ ಗೆರೆಯನ್ನೇ. ತುರುವೇಕೆರೆ ರಸ್ತೆಯ ಬಳಸಿನಲ್ಲಿ ಬೈಕನ್ನು ಮಲಗಿಸಿಕೊಂಡು ಹೋಗುವವರನ್ನು ನೀವೂ ನೋಡಿರುತ್ತೀರಿ. ಆದರೆ ಆ ಗೆರೆಗೆ ರಸ್ತೆಯ ಪೂರ್ತಿ ಅಗಲ ಬೇಕು. ಎದುರಿನಿಂದ ಬರುವವರ ಅರ್ಧವೂ ಸೇರಿ! ಟ್ರ್ಯಾಕಿನಲ್ಲಿ ಎದುರಿನಿಂದ ಯಾರೂ ಬರುವುದಿಲ್ಲ. ಎಲ್ಲರೂ ಒಂದೇ ದಿಕ್ಕಿಗೆ. ಇಲ್ಲಿ ತಿರುವಿನಾಚೆ ಕಾಯಿ ತುಂಬಿದ ಟ್ರ್ಯಾಕ್ಟರು ಇರಬಹುದು, ಸೊಪ್ಪು ಹೊತ್ತ ಹೆಂಗಸರಿರಬಹುದು, ಹಾಲಿನ ಡೇರಿಗೆ ಹೊರಟ ಸೈಕಲ್ಲಿರಬಹುದು. ತೋಟದ ಬೇಲಿ, ಕತ್ತಾಳೆ, ಮರದ ಮರೆ. ಆಚೆ ಏನಿದೆ ಎಂದು ಕಾಣುವುದೂ ಇಲ್ಲ.

ಕಂಡರೂ ನಿಲ್ಲಿಸುವುದು ಎಲ್ಲಿ? ನೂರರ ವೇಗದಲ್ಲಿ ಎದುರಿಗಿರುವುದನ್ನು ಕಂಡು ಕೈ ಬ್ರೇಕಿಗೆ ಹೋಗುವಷ್ಟರಲ್ಲಿ ಒಂದು ಸೆಕೆಂಡು ಹೋಯಿತು, ಮೂರು ಮರ ಕಳೆಯಿತು. ಬ್ರೇಕು ಹಿಡಿದ ಮೇಲೆ ನಿಲ್ಲಲು ಇನ್ನೂ ಆರು ಮರ ಬೇಕು. ಒಟ್ಟು ಒಂಬತ್ತು. ಅದೇ 60ರಲ್ಲಿದ್ದರೆ ನಾಲ್ಕು ಮರಕ್ಕೆ ಗಾಡಿ ನಿಂತಿರುತ್ತದೆ. ಇದು ಒಣ ರಸ್ತೆಯ ಮಾತು. ರಸ್ತೆಯ ಮೇಲೆ ರಾಗಿ, ಹುರುಳಿ ಹರಡಿದ ದಿನದ ಲೆಕ್ಕ ಬೇರೆ.

ಟ್ರ್ಯಾಕಿನಲ್ಲಿ ಬ್ರೇಕು ತಪ್ಪಿದವನಿಗೆ ಏನು ಗತಿ? ಅಲ್ಲಿಗೇ ಬಂದೆ. ರೇಸ್ ಟ್ರ್ಯಾಕಿನಲ್ಲಿ ಮುಖ್ಯವಾದದ್ದು ಡಾಂಬರಲ್ಲ, ಡಾಂಬರಿನ ಆಚೆಗಿರುವ ಬಯಲು. ಪ್ರತಿ ತಿರುವಿನ ಹೊರಗೂ ಖಾಲಿ ಜಾಗ ಬಿಟ್ಟಿರುತ್ತಾರೆ. ರನ್-ಆಫ್ ಎಂದು ಅದರ ಹೆಸರು. ಜಾರಿದ ಗಾಡಿ, ಜಾರಿದ ಮನುಷ್ಯ, ಇಬ್ಬರೂ ಏನಕ್ಕೂ ಬಡಿಯದೆ ತಾವಾಗಿ ನಿಲ್ಲಲಿ ಎಂದು. ಕೆಲವು ಕಡೆ ಅಲ್ಲಿ ಜಲ್ಲಿ ಸುರಿದಿರುತ್ತಾರೆ, ಚಕ್ರ ಹೂತು ವೇಗ ಸಾಯಲಿ ಎಂದು. ಅದರಾಚೆ ಹಳೆಯ ಟೈರುಗಳನ್ನು ಪೇರಿಸಿ ಕಟ್ಟಿದ ಗೋಡೆ, ಅದರ ಹಿಂದೆ ಉಕ್ಕಿನ ತಡೆ. ಪ್ರೇಕ್ಷಕರು ಅದರಿಂದಾಚೆ. ನೇರ ಹಾದಿ ಉದ್ದವಿದ್ದಷ್ಟೂ ಅದರ ಕೊನೆಯ ತಿರುವಿನ ಆಚೆ ಬಯಲು ದೊಡ್ಡದಿರಬೇಕು. ನಕ್ಷೆ ಬರೆಯುವವರು ಮೊದಲು ಕೂಡಿಸಿ ಕಳೆಯುವುದೇ ಇದನ್ನು.

ಹೊನ್ನವಳ್ಳಿ ಕಡೆಯ ತೋಟದವರೊಬ್ಬರಿಗೆ ಇಂಥ ಟ್ರ್ಯಾಕಿನ ಮೇಲಿನಿಂದ ತೆಗೆದ ಫೋಟೋ ತೋರಿಸಿದೆ. ಕನ್ನಡಕ ಸರಿ ಮಾಡಿಕೊಂಡು ಬಹಳ ಹೊತ್ತು ನೋಡಿದರು.

‘ಇಷ್ಟೊಂದು ಜಾಗ ಸುಮ್ನೆ ಬಿಟ್ಟವ್ರಲ್ಲ ಸ್ವಾಮಿ, ಏನೂ ಹಾಕಿಲ್ವಾ?’

‘ಹಾಕಬಾರದು ಯಜಮಾನ್ರೇ, ಬಿದ್ದೋರು ಜಾರ್ಕೊಂಡು ಹೋಗೋಕೆ ಬೇಕು.’

‘ಬೀಳೋಕೇ ಅಂತ ಇಷ್ಟು ನೆಲ ಮಡಗವ್ರೆ ಅನ್ನಿ! ನಮ್ ಹುಡ್ಗರು ಬಿದ್ರೆ ಎಲ್ಲಿಗ್ ಹೋಗ್ತವೆ? ಸೀದಾ ಮರಕ್ಕೇ.’

ಅವರು ಹೇಳಿದ್ದನ್ನು ಯಾವ ಎಂಜಿನಿಯರೂ ಇದಕ್ಕಿಂತ ಚೆನ್ನಾಗಿ ಹೇಳಲಾರ. ಒಂದೆಕರೆಗೆ ಮೂವತ್ತಡಿ ಅಂತರದಲ್ಲಿ 48 ಮರ ಹಿಡಿಯುತ್ತದೆ. ತಿರುವಿಗೊಂದು ಎಕರೆ ಬಯಲು ಬಿಟ್ಟರೂ ಹನ್ನೆರಡು ತಿರುವಿಗೆ 576 ಮರದ ಜಾಗ. ಫಲಕ್ಕೆ ಬಂದ ಐನೂರು ಮರ ಎಂದರೆ ನಮ್ಮಲ್ಲಿ ಎಷ್ಟೋ ಕುಟುಂಬಗಳ ಇಡೀ ಬದುಕು. ಅಷ್ಟನ್ನು ಬೀಳುವವರಿಗೆಂದು ಬಿಟ್ಟುಕೊಡುವುದು ಸಾಧ್ಯವಾದಲ್ಲಿ ಟ್ರ್ಯಾಕು ಆಗುತ್ತದೆ. ಉಳಿದ ಕಡೆ ರಸ್ತೆಯಷ್ಟೇ ಇರುತ್ತದೆ, ಅಂಚಿನಲ್ಲೇ ಮರ, ಮೋರಿ, ಮೈಲಿಗಲ್ಲು.

ದೇಶದ ಅತಿ ದೊಡ್ಡ ಉದಾಹರಣೆ ದೆಹಲಿ ಪಕ್ಕದ ಗ್ರೇಟರ್ ನೋಯ್ಡಾದ ಬುದ್ಧ ಸರ್ಕ್ಯೂಟ್. ಹರ್ಮನ್ ಟಿಲ್ಕೆ ಎಂಬ ಜರ್ಮನಿಯವರು ನಕ್ಷೆ ಹಾಕಿದ್ದು. ಸುತ್ತು 5.1 ಕಿ.ಮೀ., 16 ತಿರುವು. ಮೂರನೇ ತಿರುವಿನಿಂದ ನಾಲ್ಕನೆಯದರವರೆಗೆ ಒಂದು ಕಿ.ಮೀ.ಗೂ ಮೇಲ್ಪಟ್ಟ ನೇರ ಹಾದಿ. ನೂರಹದಿನಾರು ಮರದ ಸಾಲನ್ನು ಫಾರ್ಮುಲಾ ಒನ್ ಕಾರು ಕ್ಷಣಗಳಲ್ಲಿ ಕಳೆದು, ಕೊನೆಯಲ್ಲಿ ಸೆಕೆಂಡಿಗೆ ಹತ್ತು ಮರದ ಹತ್ತಿರ ಬರುತ್ತದೆ. ನೆಲವನ್ನೂ ಏರಿಳಿತ ಮಾಡಿದ್ದಾರೆ. ತಿರುವಿಗೆ ಬರುವ ಕಡೆ ಟ್ರ್ಯಾಕನ್ನು ಬೇಕೆಂದೇ ಅಗಲಿಸಿದ್ದಾರೆ. ಎರಡು ಮೂರು ಬಗೆಯ ಗೆರೆ ಹಿಡಿಯಲು ಅವಕಾಶವಿದ್ದರೆ ಒಬ್ಬರನ್ನೊಬ್ಬರು ಹಿಂದೆ ಹಾಕುವ ಆಟ ಕಳೆಗಟ್ಟುತ್ತದೆ. 2011, 2012, 2013ರಲ್ಲಿ ಇಲ್ಲಿ ಇಂಡಿಯನ್ ಗ್ರ್ಯಾನ್ ಪ್ರಿ ನಡೆಯಿತು. ಮೂರೂ ಸಲ ಗೆದ್ದವರು ಸೆಬಾಸ್ಟಿಯನ್ ವೆಟಲ್. ಆಮೇಲೆ ತೆರಿಗೆಯ ತಗಾದೆ ಮೊದಲಾದವುಗಳಲ್ಲಿ ಅದು ನಿಂತುಹೋಯಿತು. 2023ರಲ್ಲಿ ಒಮ್ಮೆ ಮೋಟೋ ಜಿಪಿ ಬಂದು ಹೋಯಿತು. ಇಷ್ಟೆಲ್ಲ ಕೋಟಿ ಸುರಿದರೂ 2011ರ ಮೊದಲ ದಿನದ ಅಭ್ಯಾಸಕ್ಕೆ ಅಡ್ಡ ಬಂದದ್ದು ಒಂದು ಬೀದಿ ನಾಯಿ! ಟ್ರ್ಯಾಕಿಗೆ ನುಗ್ಗಿ ಓಡಾಡಿತು, ಕೆಂಪು ಬಾವುಟ ತೋರಿಸಿ ಎಲ್ಲರನ್ನೂ ನಿಲ್ಲಿಸಿದರು. ನಮ್ಮ ರಸ್ತೆಯಲ್ಲೂ ನಾಯಿ ಬರುತ್ತದೆ. ಬಾವುಟ ಹಿಡಿದವರಿರುವುದಿಲ್ಲ.

ಬಾವುಟದವರ ಮಾತು ಬಂತು. ತಿರುವು ತಿರುವಿಗೂ ಮಾರ್ಷಲ್‌ಗಳು ನಿಂತಿರುತ್ತಾರೆ. ಮುಂದೆ ಅಪಾಯವಿದ್ದರೆ ಹಳದಿ ಬಾವುಟ, ಎಲ್ಲರೂ ನಿಲ್ಲಬೇಕಾದರೆ ಕೆಂಪು. ಆಂಬುಲೆನ್ಸು, ವೈದ್ಯರು ಸಿದ್ಧರಿಲ್ಲದೆ ರೇಸು ಶುರುವಾಗುವಂತಿಲ್ಲ.

ಇಷ್ಟೆಲ್ಲ ಇದ್ದೂ ಸಾವು ಬರುತ್ತದೆ. ಇದನ್ನು ಮುಚ್ಚಿಟ್ಟು ಬರೆಯುವುದು ಸರಿಯಲ್ಲ. 2023ರ ಜನವರಿಯಲ್ಲಿ ಇದೇ ಇರುಂಗಾಟ್ಟುಕೋಟೈನಲ್ಲಿ 59 ವರ್ಷದ ಅನುಭವಿ ಕಾರು ಚಾಲಕರೊಬ್ಬರು ಸತ್ತರು. ಅದೇ ವರ್ಷ ಆಗಸ್ಟ್ 5ರಂದು ರಾಷ್ಟ್ರೀಯ ಬೈಕ್ ರೇಸಿನಲ್ಲಿ ಬೆಂಗಳೂರಿನ 13 ವರ್ಷದ ಹುಡುಗನೊಬ್ಬ, ರೇಸು ಶುರುವಾದ ಸ್ವಲ್ಪದರಲ್ಲೇ, ಮೊದಲ ತಿರುವಿನಿಂದ ಹೊರಬೀಳುವಲ್ಲಿ ಬಿದ್ದ. ಉಳಿಯಲಿಲ್ಲ. ಆ ವಾರದ ಉಳಿದ ರೇಸುಗಳನ್ನು ರದ್ದು ಮಾಡಿದರು. ಗಾಡಿಗಳು ಗುಂಪಾಗಿ ಹೋಗುವ ಮೊದಲ ಸುತ್ತಿನಲ್ಲಿ ಒಬ್ಬ ಬಿದ್ದರೆ ಬಯಲು ಎಷ್ಟಿದ್ದರೇನು, ಹಿಂದಿನಿಂದ ಬರುವವರಿಗೆ ತಪ್ಪಿಸಿಕೊಳ್ಳಲು ಹೊತ್ತಿರುವುದಿಲ್ಲ. ಹದಿಮೂರರ ಮಕ್ಕಳನ್ನು ಇಂಥ ಆಟಕ್ಕೆ ಇಳಿಸಬೇಕೆ ಎಂಬ ಚರ್ಚೆ ಆಗ ಎದ್ದಿತು. ಚಿಕ್ಕಂದಿನಲ್ಲೇ ಶುರು ಮಾಡಿದವರಷ್ಟೇ ಮುಂದೆ ಬರುವ ಆಟ ಇದು ಎನ್ನುವುದು ನಿಜ. ಆದರೂ ಆ ವಯಸ್ಸಿಗೆ ಚಿಕ್ಕ ಎಂಜಿನ್, ಚಿಕ್ಕ ಸುತ್ತು, ಕಡಿಮೆ ವೇಗ ಸಾಕು ಎಂಬ ಕಡೆಗೇ ನನ್ನ ಮನಸ್ಸು.

ಟ್ರ್ಯಾಕಿನಲ್ಲೇ ಹೀಗಾದರೆ ರಸ್ತೆಯ ಗತಿಯನ್ನು ನೀವೇ ಊಹಿಸಿ. ಕಾನೂನಂತೂ ಇದೆ. ಅನುಮತಿಯಿಲ್ಲದೆ ಸಾರ್ವಜನಿಕ ರಸ್ತೆಯಲ್ಲಿ ರೇಸು ಕಟ್ಟಿದರೆ ಮೋಟಾರು ವಾಹನ ಕಾಯ್ದೆಯ 189ನೇ ಕಲಮಿನ ಪ್ರಕಾರ, 2019ರ ತಿದ್ದುಪಡಿಯಂತೆ, ಮೂರು ತಿಂಗಳವರೆಗೆ ಸಜೆ, ಐದು ಸಾವಿರ ರೂಪಾಯಿವರೆಗೆ ದಂಡ. ಎರಡನೇ ಸಲವಾದರೆ ವರ್ಷದವರೆಗೆ. ಹದಿನೆಂಟು ತುಂಬದ ಮಗ ಗಾಡಿ ಓಡಿಸಿ ಅಪರಾಧ ಮಾಡಿದರೆ ಅಪ್ಪನಿಗೆ 25 ಸಾವಿರ ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು. ಕೊಬ್ಬರಿ ಮಾರಿ ಬೈಕು ಕೊಡಿಸುವ ಅಪ್ಪಂದಿರಿಗೆ ಈ ಕೊನೆಯ ಸಾಲು.

ಆದರೆ ಬರೀ ಕಾನೂನು ಹೇಳಿ ಹುಡುಗರನ್ನು ಮನೆಗೆ ಕಳಿಸಿದರೆ ಕೇಳುತ್ತಾರೆಯೇ? ವೇಗದ ಆಸೆ ಹರೆಯದ್ದು, ಅದಕ್ಕೊಂದು ಜಾಗ ಬೇಕು. ನಮ್ಮ ನಾಡಿನವರು ಈ ಆಟದಲ್ಲಿ ಹಿಂದುಳಿದವರೂ ಅಲ್ಲ. ಬೆಂಗಳೂರಿನ ಸಿ.ಎಸ್. ಸಂತೋಷ್ 2015ರಲ್ಲಿ ಡಕಾರ್ ರ‍್ಯಾಲಿ ಮುಗಿಸಿದ ಮೊದಲ ಭಾರತೀಯ. ಉಡುಪಿಯ ಕೆ.ಪಿ. ಅರವಿಂದ್ 2019ರಲ್ಲಿ ಅದನ್ನು ಮುಗಿಸಿದರು. ಬಿಗ್ ಬಾಸ್ ನೋಡಿದವರಿಗೆ ಅವರ ಪರಿಚಯ ಬೇರೆ ಬೇಕಿಲ್ಲ. ಬೆಂಗಳೂರಿನ ಐಶ್ವರ್ಯ ಪಿಸ್ಸೆ 2019ರಲ್ಲಿ ಮಹಿಳೆಯರ ವಿಭಾಗದಲ್ಲಿ ಬಾಜಾ ವಿಶ್ವಕಪ್ ತಂದರು. ಕುಶ್ ಮೈನಿ 2025ರಲ್ಲಿ ಮೊನಾಕೊದಲ್ಲಿ ಫಾರ್ಮುಲಾ ಟು ಸ್ಪ್ರಿಂಟ್ ರೇಸು ಗೆದ್ದರು. ಇಷ್ಟಾದರೂ ಇರುಂಗಾಟ್ಟುಕೋಟೈನಂಥ ಒಂದು ಡಾಂಬರು ಟ್ರ್ಯಾಕು ಕರ್ನಾಟಕದಲ್ಲಿಲ್ಲ. ಬೆಂಗಳೂರಿನಲ್ಲಿ ಕಾರ್ಟಿಂಗ್ ಟ್ರ್ಯಾಕುಗಳಿವೆ, ಕೋಲಾರದ ಕಡೆ ಸಂತೋಷ್ ಅವರೇ ಕಟ್ಟಿದ ಮಣ್ಣಿನ ಟ್ರ್ಯಾಕಿದೆ. ತಮಿಳುನಾಡಿನಲ್ಲಾದರೋ ಕೊಯಮತ್ತೂರಿನಲ್ಲಿ ಎಸ್. ಕರಿವರ್ಧನ್ ಅವರ ನೆನಪಿನ ಕರಿ ಸ್ಪೀಡ್‌ವೇ 2003ರಿಂದ ಇದೆ. ಮಾರುತಿ 800ರ ಎಂಜಿನ್ ಇಟ್ಟು ರೇಸಿನ ಕಾರು ಕಟ್ಟಿ, ನಾಲ್ಕು ಕಾಸಿನಲ್ಲಿ ಹುಡುಗರನ್ನು ರೇಸಿಗೆ ತಂದವರು ಅವರು. 1995ರಲ್ಲಿ ವಿಮಾನ ಅಪಘಾತದಲ್ಲಿ ತೀರಿಕೊಂಡರು. 2024ರಲ್ಲಿ ಚೆನ್ನೈಯವರು ಐಲ್ಯಾಂಡ್ ಮೈದಾನದ ಸುತ್ತಲ ಬೀದಿಗಳಿಗೇ ತಡೆಗೋಡೆ ಕಟ್ಟಿ, ದೀಪ ಹಾಕಿ, ರಾತ್ರಿ ರೇಸು ಮಾಡಿಬಿಟ್ಟರು.

ನಮ್ಮ ಸೀಮೆಗೆ ಡಾಂಬರಿನ ಕನಸು ಬೇಡ. ಮಣ್ಣಿನ ಸುತ್ತು ಸಾಕು. ಆಟೋಕ್ರಾಸ್, ಡರ್ಟ್ ಟ್ರ್ಯಾಕ್ ಎನ್ನುವುದೆಲ್ಲ ಅದೇ. ಮರವಿಲ್ಲದ ಎಂಟು ಹತ್ತು ಎಕರೆ ಬಯಲು, ಒಂದು ಕಿ.ಮೀ.ಗಿಂತ ಕಡಿಮೆಯ ಬಳಸುದಾರಿ. ನೇರ ಹಾದಿ ಉದ್ದವಿರಬಾರದು. ಐದಾರು ಮರದಷ್ಟಕ್ಕೊಂದು ತಿರುವು ಬಂದರೆ ವೇಗ ತಾನೇ ಅಂಕೆಯಲ್ಲಿರುತ್ತದೆ. ಹೊರಗಡೆಗೆ ಬಯಲು, ಅಂಚಿಗೆ ಟೈರು. ಧೂಳೇಳದಂತೆ ನೀರಿನ ಟ್ಯಾಂಕರು. ಒಬ್ಬೊಬ್ಬರನ್ನೇ ಬಿಟ್ಟು ಗಡಿಯಾರ ಹಿಡಿದರೆ ಢಿಕ್ಕಿಯ ಭಯವೂ ಇಲ್ಲ. ಮಣ್ಣಿನಲ್ಲಿ ಜಾರುವುದನ್ನು ಕಡಿಮೆ ವೇಗದಲ್ಲೇ ಕಲಿಯಬಹುದು. ಜಾರಿದಾಗ ಏನು ಮಾಡಬೇಕೆಂಬುದೇ ರಸ್ತೆಯಲ್ಲಿ ಯಾರೂ ಹೇಳಿಕೊಡದ ಪಾಠ. ಅನುಮತಿ, ವಿಮೆ, ಆಂಬುಲೆನ್ಸು, ಮಾರ್ಷಲ್ಲು, ಇವನ್ನು ಬಿಟ್ಟು ಮಾಡಹೊರಟರೆ ಅದೂ ಬಿ.ಎಚ್. ರಸ್ತೆಯ ಇನ್ನೊಂದು ರೂಪವೇ. ಮೋಟಾರ್ ಸ್ಪೋರ್ಟ್ಸ್ ಕ್ಲಬ್ಬುಗಳ ಒಕ್ಕೂಟದ ಲೈಸೆನ್ಸು ಪದ್ಧತಿ ಇದೆ. ಬೆಂಗಳೂರಿನಲ್ಲಿ ದಶಕಗಳಿಂದ ಕೆ-1000 ರ‍್ಯಾಲಿ ನಡೆಸಿಕೊಂಡು ಬಂದಿರುವ ಕರ್ನಾಟಕ ಮೋಟಾರ್ ಸ್ಪೋರ್ಟ್ಸ್ ಕ್ಲಬ್ ಇದೆ. ವಿಚಾರಿಸಲು ಅದು ಒಳ್ಳೆಯ ಬಾಗಿಲು.

ಅಲ್ಲಿಯವರೆಗೆ ನೋಡಿ ಬರುವುದಕ್ಕಾದರೂ ಹೋಗಬಹುದು. ರೇಸಿರುವ ವಾರಾಂತ್ಯ ಯಾವುದೆಂದು ಮೊದಲೇ ತಿಳಿದುಕೊಂಡು, ರಾತ್ರಿ ತಿಪಟೂರಿನಿಂದ ರೈಲು ಹಿಡಿದು ಬೆಂಗಳೂರು, ಅಲ್ಲಿಂದ ಚೆನ್ನೈ ಬಸ್ಸು. ನೇರ ಹಾದಿಯ ಎದುರಿಗೆ ಕೂರಬೇಡಿ, ಅಲ್ಲಿ ಬರೀ ಸದ್ದು. ಯಾವುದಾದರೊಂದು ತಿರುವು ಕಾಣುವ ಕಡೆ ಕೂತು ಒಂದೇ ಗಾಡಿಯನ್ನು ಹತ್ತು ಸುತ್ತು ನೋಡಿ. ಬ್ರೇಕು ಹಿಡಿಯುವ ಜಾಗ, ಅಂಚು ಮುಟ್ಟುವ ಜಾಗ ಸುತ್ತು ಸುತ್ತಿಗೂ ಅಲ್ಲೇ ಬರುತ್ತದೆ, ಸೂಜಿಯಲ್ಲಿ ಚುಚ್ಚಿದ ಹಾಗೆ. ಹೈಸ್ಕೂಲು ದಾಟಿದ ಮಗನಿದ್ದರೆ ಜೊತೆಗೆ ಕರೆದುಕೊಂಡು ಹೋಗಿ. ಟೋಪಿ, ನೀರು ಮರೆಯಬೇಡಿ. ಆ ಬಯಲಿನಲ್ಲಿ ನೆರಳಿಗೆ ಒಂದು ತೆಂಗಿನ ಮರವನ್ನೂ ಬಿಟ್ಟಿಲ್ಲ.